ದೋಣಿ ಪಿಕ್ಚರಿಗೆ ಮಾವ ಹೇಳಿದ ಅರ್ಥ

ನಮ್ಮ ಮನೆಯ ಟಿ.ವಿ.ಗೆ ಬಾಯಿಲ್ಲ. ಕೆಟ್ಟುಹೋಗಿದೆ ಎಂದುಕೊಳ್ಳಬೇಡಿ, ನಾನೇ ಮುಚ್ಚಿಸಿದ್ದು. ಸಂಜೆಯ ಧಾರಾವಾಹಿ ಶುರುವಾದ ಕೂಡಲೇ ರಿಮೋಟಿನ ಮ್ಯೂಟ್ ಗುಂಡಿ ಒತ್ತುತ್ತೇನೆ. ಆಮೇಲೆ ಅತ್ತೆಯ ಮಾತನ್ನೂ ಸೊಸೆಯ ಮಾತನ್ನೂ ನಾನೇ ಹೇಳುತ್ತೇನೆ. ಬರೆದವರಿಗಿಂತ ಚೆನ್ನಾಗಿ ಹೇಳುತ್ತೇನೆ ಎಂಬುದು ನನ್ನ ಅಭಿಪ್ರಾಯ. ನನ್ನ ಗಂಡನ ಅಭಿಪ್ರಾಯ ಬೇರೆ ಇದೆ. ಮೊನ್ನೆ ಅವರು ಸಹಿಸಿ ಸಹಿಸಿ ಕಡೆಗೆ ಕೇಳಿಯೇಬಿಟ್ಟರು.

"ಅಲ್ಲ ಮಾರಾಯ್ತಿ, ಈ ಹುಡುಗಿ ಅಳುವುದು ಯಾಕೆಂತ ನಿನ್ನೆ ಹೇಳಿದ್ದು ಒಂದು, ಇವತ್ತು ಹೇಳುವುದು ಇನ್ನೊಂದು. ಎಂತ ಕತೆ ಇದು?"

"ಅಳುವುದು ಅವಳ ಕೆಲಸ. ಯಾಕೆ ಅಂತ ಹೇಳುವುದು ನಮ್ಮ ಕೆಲಸ," ಎಂದೆ.

ಹೇಳಿ ಮುಗಿಸಿದ ಮೇಲೆ ನನಗೇ ನಗು ಬಂತು. ಅದು ನನ್ನ ಮಾತಾಗಿರಲಿಲ್ಲ, ದೂಮಣ್ಣ ಮಾವನದು. ಅಮ್ಮನ ಒಬ್ಬನೇ ಅಣ್ಣ. ಮಡಂತ್ಯಾರಿನ ಪೇಟೆಯಲ್ಲಿ ಅವರ ಚಾ ಹೋಟೆಲು. ಈಗ ಹೋಟೆಲನ್ನು ಮಗ ನೋಡಿಕೊಳ್ಳುತ್ತಾನೆ, ಎಂಬತ್ತು ದಾಟಿದ ಮಾವ ಗಲ್ಲಾದ ಹಿಂದೆ ಕೂತು ಬಂದವರನ್ನು ಮಾತನಾಡಿಸುತ್ತಾರೆ. ಮಡಂತ್ಯಾರಿನಲ್ಲಿ ದೂಮಣ್ಣ ಎಂದು ಕೇಳಿದರೆ "ಯಾವ ದೂಮಣ್ಣ?" ಎನ್ನುತ್ತಾರೆ. ಜಪಾನ್ ದೂಮಣ್ಣ ಎಂದು ಕೇಳಿ ನೋಡಿ, ಬಸ್ಸಿನ ಕಂಡಕ್ಟರ್ ಕೂಡ ಹೋಟೆಲಿನ ಬಾಗಿಲಿಗೇ ಇಳಿಸುತ್ತಾನೆ.

ಮಾವ ಜಪಾನಿಗೆ ಹೋದವರಲ್ಲ. ಮುಂಬಯಿಗೇ ಒಮ್ಮೆ ಹೋಗಿ, ಅಲ್ಲಿನ ಚಾ ಸರಿಯಿಲ್ಲ ಎಂದು ವಾಪಸು ಬಂದವರು. ಆ ಹೆಸರು ಹೇಗೆ ಅಂಟಿಕೊಂಡಿತು ಎಂದು ಹೇಳಬೇಕಾದರೆ ಒಬ್ಬ ಜಪಾನಿ ನಿರ್ದೇಶಕರ ಕತೆಯನ್ನೂ ಹೇಳಬೇಕಾಗುತ್ತದೆ. ಎರಡನ್ನೂ ಒಟ್ಟಿಗೇ ಹೇಳುತ್ತೇನೆ, ನನಗೆ ಅವು ಬೇರೆ ಬೇರೆಯಾಗಿ ಗೊತ್ತೂ ಇಲ್ಲ.

ಆಗ ನಾನು ಏಳನೆಯ ಕ್ಲಾಸು. ನಮ್ಮ ಶಾಲೆಯ ರೈ ಮಾಸ್ಟ್ರಿಗೆ ಊರಿನವರನ್ನು ಉದ್ಧಾರ ಮಾಡುವ ಹುಚ್ಚು. ಮೊದಲು ವಾಚನಾಲಯ ಮಾಡಿದರು, ಜನ ಬಂದು ಪೇಪರಿನಲ್ಲಿ ಬಜ್ಜಿ ಕಟ್ಟಿಕೊಂಡು ಹೋದರು. ಆಮೇಲೆ ಒಳ್ಳೆಯ ಸಿನಿಮಾ ತೋರಿಸುವ ಸಂಘ ಮಾಡಿದರು. ಯಾರಿಗೋ ಬರೆದು, ಯಾರ ಕಾಲನ್ನೋ ಹಿಡಿದು, ತಗಡಿನ ಡಬ್ಬದಲ್ಲಿ ಒಂದು ಜಪಾನಿ ಸಿನಿಮಾ ತರಿಸಿದರು. ಜಪಾನಿನದು ಎಂದ ಕೂಡಲೇ ಊರಿನವರು ಕರಾಟೆ ಎಂದೇ ತಿಳಿದರು. ಶಾಲೆಯ ಅಂಗಳ ತುಂಬಿತು. ಗಂಡಸರು ಮುಂದೆ, ಹೆಂಗಸರು ಬದಿಗೆ, ನಾವು ಮಕ್ಕಳು ಪರದೆಯ ಬುಡದಲ್ಲಿ ಹೊಯಿಗೆಯ ಮೇಲೆ. ನನ್ನ ಫ್ರಾಕಿನ ಕಿಸೆಯಲ್ಲಿ ಹುರಿದ ಹಲಸಿನ ಬೀಜ ಇತ್ತು. ಅದರ ಬಿಸಿ ತೊಡೆಗೆ ಚುರುಕು ಮುಟ್ಟಿಸುತ್ತಿದ್ದದ್ದು ಇನ್ನೂ ನೆನಪಿದೆ.

ಏರ್ಪಾಡು ಏನೆಂದರೆ, ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಮಾತು ಮೂಡಿ ಬರುತ್ತದೆ, ಮಾಸ್ಟ್ರು ಅದನ್ನು ಓದಿ ಕನ್ನಡದಲ್ಲಿ ಹೇಳುತ್ತಾರೆ. ದೀಪ ಆರಿಸಿದರು. ಹೊಳೆ ಕಂಡಿತು. ದೋಣಿ ಕಂಡಿತು. ದೋಣಿ ನಡೆಸುವವನು ಕಂಡ. ಅವನು ಏನೋ ಹೇಳಿದ, ಅಕ್ಷರ ಮೂಡಲಿಲ್ಲ. ಇನ್ನೊಬ್ಬ ಏನೋ ಹೇಳಿದ, ಆಗಲೂ ಮೂಡಲಿಲ್ಲ. ಕಳಿಸಿದವರು ಅಕ್ಷರವಿಲ್ಲದ ಪ್ರತಿಯನ್ನೇ ಕಳಿಸಿಬಿಟ್ಟಿದ್ದರು! ಮಾಸ್ಟ್ರು ಬೆವರಿದರು. ಹಿಂದಿನಿಂದ ಯಾರೋ, "ಹೊಡೆದಾಟ ಯಾವಾಗ ಮಾಸ್ಟ್ರೇ?" ಎಂದು ಕೂಗಿದರು. ನಾಲ್ಕು ಜನ ಎದ್ದೂ ಆಯಿತು.

ಮಾಸ್ಟ್ರು ಕತ್ತಲೆಯಲ್ಲಿ ತಡಕಾಡುತ್ತ ಮಾವನ ಹತ್ತಿರ ಬಂದರು. "ದೂಮಣ್ಣ, ನನ್ನ ಮಾನ ಉಳಿಸಿ. ನೀವು ಅರ್ಥ ಹೇಳಿ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ತಾಳಮದ್ದಳೆ ಎಂಬುದುಂಟು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಶಾಲು ಹೊದ್ದು ಎದುರು ಕೂತವರು ಪಾತ್ರವಾಗಿ ಅದಕ್ಕೆ ಮಾತು ಕೂಡಿಸುತ್ತಾರೆ. ಆ ಮಾತಿಗೆ ಅರ್ಥ ಎಂದು ಹೆಸರು. ಎಲ್ಲಿಯೂ ಬರೆದಿಟ್ಟದ್ದಲ್ಲ, ಆ ಹೊತ್ತಿಗೆ ಹುಟ್ಟಬೇಕು. ಎರಡು ಸಾಲಿನ ಪದ್ಯಕ್ಕೆ ಅರ್ಧ ತಾಸು ಅರ್ಥ ಹೇಳಿದವರುಂಟು. ಮಾವನಿಗೆ ಅದರಲ್ಲಿ ಹೆಸರಿತ್ತು. ಸೋಲುವ ಪಾತ್ರಗಳನ್ನು ಕೇಳಿ ತೆಗೆದುಕೊಳ್ಳುತ್ತಿದ್ದರು. ಗೆಲ್ಲುವವನಿಗೆ ಹೇಳಲು ಏನಿರುತ್ತದೆ ಎಂಬುದು ಅವರ ವಾದ.

"ಪದ್ಯ ಇಲ್ಲದೆ ಅರ್ಥ ಹೇಗೆ ಹೇಳುವುದು ಮಾಸ್ಟ್ರೇ?" ಎಂದರು ಮಾವ.

"ಎದುರಿಗೆ ಕಾಣ್ತಾ ಉಂಟಲ್ಲ, ಅದೇ ಪದ್ಯ."

ಮಾವ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಒಬ್ಬಳು ಹೆಂಗಸು ಬಂದು ದೋಣಿ ಹತ್ತಿದಳು. ಅವನು ತಲೆ ತಗ್ಗಿಸಿದ. ಆಚೆ ದಡದಲ್ಲಿ ಇಳಿಯುವಾಗ ಅವಳು ನಾಣ್ಯ ಚಾಚಿದಳು, ಅವನು ಬೇಡವೆಂದು ಕೈ ಹಿಂದಕ್ಕೆ ಎಳೆದುಕೊಂಡ. ಅಷ್ಟೇ ಸಾಕಾಯಿತು. ಮಾವ ಕುರ್ಚಿ ಎಳೆದುಕೊಂಡು ಪರದೆಯ ಪಕ್ಕ ಕೂತರು.

"ಎಲೈ ಹೊಳೆಯೇ, ನೀನಾದರೂ ಇವಳಿಗೆ ಹೇಳಬಾರದೇ? ಒಡಹುಟ್ಟಿದ ತಂಗಿಯ ಕೈಯಿಂದ ದೋಣಿಯ ಕೂಲಿ ತೆಗೆದುಕೊಳ್ಳುವಷ್ಟು ಕೆಟ್ಟವನೇ ನಾನು?"

ಎದ್ದ ನಾಲ್ವರೂ ಕೂತರು. ಪರದೆಯ ಮೇಲಿನವನು ತಂಗಿಯನ್ನು ಎಳವೆಯಲ್ಲಿ ಕಳೆದುಕೊಂಡವನಾದ. ಈಗ ಗುರುತು ಸಿಕ್ಕಿದೆ, ಹೇಳಿದರೆ ಅವಳ ಸಂಸಾರಕ್ಕೆ ಕೇಡು. ಆದ್ದರಿಂದ ದಿನವೂ ಸುಮ್ಮನೆ ಹೊಳೆ ದಾಟಿಸುತ್ತಾನೆ. ಅತ್ತ ಹೊಳೆಗೆ ಸೇತುವೆ ಕಟ್ಟುತ್ತಿದ್ದಾರೆ. ಸೇತುವೆ ಮುಗಿದ ದಿನ ದೋಣಿ ನಿಲ್ಲುತ್ತದೆ, ತಂಗಿಯ ಮುಖ ನೋಡುವ ನೆವವೂ ಹೋಗುತ್ತದೆ. ಇಷ್ಟನ್ನೂ ಮಾವ ಆ ನಾಣ್ಯದಿಂದ ಹುಟ್ಟಿಸಿದರು. ಕರಾಟೆ ನೋಡಲು ಬಂದವರು ಕರಾಟೆಯನ್ನೇ ಮರೆತರು.

ನೀವು ಬೇರೆ ಊರಿನವರಾದರೆ ನಗಬಹುದು. ಒಬ್ಬ ಗಂಡಸು, ಒಬ್ಬಳು ಹೆಂಗಸು, ಹೊಳೆ, ದೋಣಿ. ಯಾರಿಗಾದರೂ ಮೊದಲು ತಲೆಗೆ ಬರುವುದು ಬೇರೆಯೇ. ಆದರೆ ನಮ್ಮದು ಅಳಿಯಸಂತಾನದ ಮನೆತನ. ಮನೆ ನಡೆಯುವುದು ತಾಯಿಯ ಕಡೆಯಿಂದ. ಗಂಡಸು ದುಡಿದದ್ದು ತಂಗಿಗೆ, ತಂಗಿಯ ಮಕ್ಕಳಿಗೆ ಎಂಬ ಕಾಲವನ್ನು ಮಾವ ಕಣ್ಣಾರೆ ಕಂಡವರು. ಒಬ್ಬ ಗಂಡಸು ಒಬ್ಬಳು ಹೆಂಗಸನ್ನು ಕಂಡು ಕಣ್ಣು ತುಂಬಿಕೊಂಡರೆ ಅವಳು ತಂಗಿಯಲ್ಲದೆ ಇನ್ನಾರು ಎಂದು ಅವರಿಗೆ ತೋರಿತು. ಅಂಗಳದಲ್ಲಿದ್ದವರಿಗೂ ಹಾಗೇ ತೋರಿತು.

ಕಷ್ಟ ಬಂದದ್ದು ಆಮೇಲೆ. ಮಳೆಗೆ ಸಿಕ್ಕ ಆ ಹೆಂಗಸು ದೋಣಿಯವನ ಗುಡಿಸಲಿಗೆ ಬಂದಳು. ಒದ್ದೆ ಕೂದಲು ಬಿಚ್ಚಿದಳು. ಅವನು ಹಣಿಗೆ ಹಿಡಿದು ಅವಳ ಹಿಂದೆ ಕೂತ. ಮುಂದಿನ ಸಾಲಿನ ಗಂಡಸರು ಶಿಳ್ಳೆ ಹಾಕಲು ಬೆರಳನ್ನು ಬಾಯಿಯವರೆಗೆ ತಂದಾಗಿತ್ತು. ಮಾವ ದನಿ ಇಳಿಸಿದರು.

"ಅಮ್ಮ ತೀರಿಕೊಂಡ ದಿನವೂ ಹೀಗೇ ಮಳೆ ಇತ್ತು ತಂಗಿ. ನಿನ್ನ ತಲೆ ಬಾಚುವವರು ಯಾರೂ ಇರಲಿಲ್ಲ. ನನಗೆ ಜಡೆ ಹಾಕಲು ಬರುತ್ತಿರಲಿಲ್ಲ. ಹಗ್ಗ ಹೆಣೆಯಲು ಬರುತ್ತಿತ್ತು, ಹಾಗೆಯೇ ಹೆಣೆದೆ."

ಬೆರಳುಗಳೆಲ್ಲ ಕೆಳಗಿಳಿದವು. ನಾನು ತಿರುಗಿ ನೋಡಿದೆ. ಹೆಂಗಸರ ನಡುವೆ ನನ್ನ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅಜ್ಜಿ ತೀರಿಕೊಂಡಾಗ ಅಮ್ಮನಿಗೆ ಆರು ವರ್ಷ. ಅವಳಿಗೆ ಹಗ್ಗದ ಹಾಗೆ ಜಡೆ ಹೆಣೆದದ್ದು ಮಾವನೇ. ಮನೆಯಲ್ಲಿ ಅವರಿಬ್ಬರೂ ಆ ಮಾತು ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಊರಿನವರೆದುರು, ಜಪಾನಿನವನ ಬಾಯಲ್ಲಿ, ಒಮ್ಮೆ ಮಾತ್ರ ಕೇಳಿದೆ.

ಮರುದಿನದಿಂದ ಮಾವ ಜಪಾನ್ ದೂಮಣ್ಣ ಆದರು. ಆ ಸಿನಿಮಾ ಮಾಡಿದವರ ಹೆಸರು ಕಿರಿಮುರಾ ಎಂದು ಮಾಸ್ಟ್ರು ಡಬ್ಬದ ಮೇಲೆ ನೋಡಿ ಹೇಳಿದ್ದರು. ಹೋಟೆಲಿನಲ್ಲಿ ಯಾರಾದರೂ ಆ ಕಿರಿಮುರಾ ಯಾರು ಎಂದು ಕೇಳಿದರೆ ಮಾವ ಅದಕ್ಕೂ ಅರ್ಥ ಹೇಳುತ್ತಿದ್ದರು. ಬಡ ಮನೆಯವರು, ನಾಲ್ಕು ಜನ ತಂಗಿಯರ ಮದುವೆ ಮಾಡಿ ಆಮೇಲೆ ಸಿನಿಮಾಕ್ಕೆ ಬಂದವರು, ದೊಡ್ಡ ಮಾತುಗಾರರು! ನಾನು ಇದನ್ನೆಲ್ಲ ನಂಬಿ ಬೆಳೆದೆ. ಶಾಲೆಯಲ್ಲಿ ಮೆಚ್ಚಿನ ವ್ಯಕ್ತಿ ಎಂಬ ಪ್ರಬಂಧಕ್ಕೆ ಕಿರಿಮುರಾರ ನಾಲ್ವರು ತಂಗಿಯರ ಬಗ್ಗೆ ಬರೆದು ರೈ ಮಾಸ್ಟ್ರಿಂದ ಶಾಭಾಸ್ ಪಡೆದವಳು ನಾನು.

ಈಗ ನಿಜವಾದ ಕಿರಿಮುರಾರ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಶ್ರುತಿ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಸಿನಿಮಾದ ಪಾಠ ಮಾಡುತ್ತಾಳೆ. ಸಿನಿಮಾ ನೋಡುವುದಕ್ಕೆ ಸಂಬಳ ಕೊಡುತ್ತಾರೆ ಎಂದು ಕೇಳಿ ಅವಳ ಅಪ್ಪ ಇನ್ನೂ ನಂಬಿಲ್ಲ. ಅವಳಿಗೆ ಕಿರಿಮುರಾರ ಬಗ್ಗೆ ಹುಚ್ಚು ಹಿಡಿದದ್ದು ಮಾವನ ಕತೆ ಕೇಳಿಯೇ. ಓದಿ ತಿಳಿದುಕೊಂಡು ಬಂದು, ಒಂದೊಂದಾಗಿ ನನ್ನ ಪ್ರಬಂಧವನ್ನು ಕೆಡವಿದಳು. ಅವರಿಗೆ ತಂಗಿಯರೇ ಇರಲಿಲ್ಲ, ತಂದೆತಾಯಿಗೆ ಅವರೊಬ್ಬರೇ ಮಗ. ಮಾತುಗಾರರಂತೂ ಅಲ್ಲವೇ ಅಲ್ಲ, ಅವರನ್ನು ಮಾತನಾಡಿಸಲು ಹೋದ ಪತ್ರಕರ್ತರು ತಮ್ಮ ಪ್ರಶ್ನೆಯನ್ನು ತಾವೇ ಕೇಳಿಸಿಕೊಂಡು ಬರುತ್ತಿದ್ದರಂತೆ.

ಉತ್ತರದ ಒಂದು ಸಣ್ಣ ಬಂದರಿನ ಊರು. ತಂದೆಗೆ ಸಿನಿಮಾ ಟಾಕೀಸಿನಲ್ಲಿ ಕೆಲಸವಿತ್ತು, ಮಗ ಹುಟ್ಟುವ ಹೊತ್ತಿಗೆ ಆ ಕೆಲಸ ಹೋಗಿತ್ತು. ಟಿಕೇಟು ಹರಿಯುವ ಕೆಲಸವಿರಬೇಕು ಎಂದುಕೊಂಡೆವು. ಹುಡುಗ ಹೈಸ್ಕೂಲು ಮುಗಿಸಿ ಟೋಕಿಯೊದ ಸ್ಟುಡಿಯೋ ಸೇರಿದ. ವರ್ಷಗಟ್ಟಲೆ ಬೇರೆಯವರ ಕೈಕೆಳಗೆ ದುಡಿದು, ಹೊರೆ ಹೊತ್ತು, ಬೈಗುಳ ತಿಂದು, ಕಡೆಗೆ ಒಂದು ಚಿತ್ರ ತಾನೇ ಮಾಡಿದ. ಅದು ಬಿತ್ತು. ಎರಡನೆಯದೇ ನಮ್ಮ ದೋಣಿ ಪಿಕ್ಚರು. ಅದು ಇನ್ನೂ ಜೋರಾಗಿ ಬಿತ್ತು. ಇಡೀ ಚಿತ್ರದಲ್ಲಿ ಮಾತೇ ಇಲ್ಲ, ಇದ್ದದ್ದೂ ಅಲ್ಲೊಂದು ಇಲ್ಲೊಂದು, ಜನ ಆಕಳಿಸುತ್ತಾರೆ ಎಂದು ಸ್ಟುಡಿಯೋದವರು ಅವರನ್ನು ಮನೆಗೆ ಕಳಿಸಿದರು. ಬಹಳ ವರ್ಷ ಸಾಬೂನು ಮತ್ತು ಮೀನಿನ ಡಬ್ಬಗಳ ಜಾಹೀರಾತು ತೆಗೆದು ಬದುಕಿದರು. ಐವತ್ತು ದಾಟಿದ ಮೇಲೆ ಸ್ವಂತ ಮನೆ ಮಾರಿ ಮತ್ತೆ ಒಂದು ಚಿತ್ರ ಮಾಡಿದರು. ಅದರಲ್ಲೂ ಮಾತಿಲ್ಲ! ಈ ಸಲ ಯುರೋಪಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಜಪಾನಿನವರೂ ತಟ್ಟಿದರು. ಎಂಬತ್ತರ ಹತ್ತಿರ ಕೊನೆಯ ಚಿತ್ರ ಮುಗಿಸಿ, ಸಾಕು ಎಂದು ಕ್ಯಾಮೆರಾ ಕೆಳಗಿಟ್ಟರಂತೆ. ಇಷ್ಟು ಹಟ ಇರುವ ಮನುಷ್ಯ ನಮ್ಮ ಮನೆಯವರೇ ಆಗಿರಬೇಕಿತ್ತು ಎಂದು ನನಗೆ ಅನ್ನಿಸಿತು.

ಒಂದು ದಿನ ಶ್ರುತಿ ಲ್ಯಾಪ್‌ಟಾಪಿನಲ್ಲಿ ದೋಣಿ ಪಿಕ್ಚರು ಹಾಕಿದಳು, ಇಂಗ್ಲಿಷ್ ಅಕ್ಷರಗಳ ಸಮೇತ. ಅಣ್ಣನೂ ಇಲ್ಲ, ತಂಗಿಯೂ ಇಲ್ಲ. ಅವಳು ವಿಧವೆ, ಅವನಿಗೆ ಅವಳ ಮೇಲೆ ಮನಸ್ಸು. ತಲೆ ಬಾಚುತ್ತ ಅವನು ಕೇಳುವುದು ಮನೆಗೆ ಬರುತ್ತೀಯಾ ಎಂದು. ಅವಳು ಉತ್ತರ ಕೊಡದೆ, ಸೇತುವೆಯಾದ ದಿನ ಅದರ ಮೇಲೆ ನಡೆದು ಪೇಟೆಗೆ ಹೋಗಿಬಿಡುತ್ತಾಳೆ. ಶ್ರುತಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

"ದೂಮಣ್ಣಜ್ಜನಿಗೆ ಹೇಳಿದೆಯೋ, ನಿನಗೆ ಈ ಮನೆಯಲ್ಲಿ ಚಾ ಇಲ್ಲ," ಎಂದೆ.

ತಮಾಷೆಗೆ ಹೇಳಿದ್ದಲ್ಲ. ಅಮ್ಮ ತೀರಿಕೊಳ್ಳುವ ಮೊದಲು, ಯಾರ ಗುರುತೂ ಸರಿಯಾಗಿ ಸಿಗದಿದ್ದಾಗ, "ಆ ದೋಣಿಯವನು ಬಂದನಾ?" ಎಂದು ಕೇಳುತ್ತಿದ್ದಳು. ಮಾವ ಬಂದು ಪಕ್ಕದಲ್ಲಿ ಕೂತರೆ ಸುಮ್ಮನಾಗುತ್ತಿದ್ದಳು. ಅಂಥದ್ದನ್ನು ತಪ್ಪು ಎಂದು ಹೇಳುವ ಬಾಯಿ ನನಗಿರಲಿಲ್ಲ.

ಕಳೆದ ವರ್ಷ ಶ್ರುತಿ ಕಾಲೇಜಿನಲ್ಲಿ ಕಿರಿಮುರಾರ ಚಿತ್ರಗಳ ಉತ್ಸವ ಮಾಡುತ್ತೇನೆ ಎಂದಳು. ಮಾಡು ಎಂದೆ. ಅವರನ್ನೇ ಕರೆಯುತ್ತೇನೆ ಎಂದಳು. ಕರೆಯುವುದಕ್ಕೇನು ಖರ್ಚು, ಕರಿ ಎಂದೆ. ಅವರು ಬರುತ್ತೇನೆ ಎಂದುಬಿಟ್ಟರು! ಕೇರಳಕ್ಕೆ ಬರುವುದು ಹೇಗೂ ಇತ್ತಂತೆ. ದೊಡ್ಡ ದೊಡ್ಡ ಊರುಗಳು ಕರೆದರೂ ಹೋಗದ ಮನುಷ್ಯ ಮೂಡುಬಿದಿರೆಗೆ ಒಪ್ಪಿದ್ದು ಇವಳು ಬರೆದ ಒಂದೇ ಸಾಲಿಗೆ. ನಿಮ್ಮ ಎರಡನೆಯ ಚಿತ್ರವನ್ನು ಇಲ್ಲಿ ಮಡಂತ್ಯಾರು ಎಂಬ ಊರಿನಲ್ಲಿ ಒಮ್ಮೆ ತೋರಿಸಿದ್ದರು, ಜನ ಇನ್ನೂ ಮಾತಾಡುತ್ತಾರೆ ಎಂದು ಬರೆದಿದ್ದಳು.

ಉತ್ಸವದ ಮೊದಲ ದಿನವೇ ದೋಣಿ ಪಿಕ್ಚರು. ಅದಕ್ಕೆ ಹುಡುಗರ ಕೈಯಿಂದ ಕನ್ನಡ ಅಕ್ಷರ ಕೂಡಿಸಿದ್ದಳು.

"ಇಂಗ್ಲಿಷ್ ಮಾತ್ರ ಹಾಕು ಮಗಾ," ಎಂದು ಗೋಗರೆದೆ. "ಮಾವ ಕನ್ನಡ ಓದುತ್ತಾರೆ."

"ಅಷ್ಟು ದೂರದಿಂದ ಬರುವವರಿಗೆ ನಾವು ಮಾಡುವ ಮರ್ಯಾದೆ ಅಮ್ಮ ಅದು. ತೆಗೆಯಲಿಕ್ಕೆ ಆಗುವುದಿಲ್ಲ," ಎಂದಳು.

ಸರಿ, ಮಾವನನ್ನೇ ತಡೆಯುವ ಎಂದುಕೊಂಡೆ. ಅವರು ಹಿಂದಿನ ದಿನವೇ ಶಿರ್ತಾಡಿಯ ನಮ್ಮ ಮನೆಗೆ ಬಂದಿಳಿದಿದ್ದರು, ಇಸ್ತ್ರಿ ಹಾಕಿದ ಬಿಳಿ ಶಾಲಿನೊಂದಿಗೆ.

"ಮಾವ, ಕಾಲೇಜಿನ ಹಾಲಿನಲ್ಲಿ ಎ.ಸಿ. ಜೋರುಂಟಂತೆ. ನಿಮಗೆ ಕೆಮ್ಮು."

"ಶಾಲು ಉಂಟಲ್ಲ."

"ಕೂರಲಿಕ್ಕೆ ಆಗಬೇಕಲ್ಲ ಅಷ್ಟು ಹೊತ್ತು."

"ಸುಮತೀ, ಆ ಜನ ಜಪಾನಿನಿಂದ ಬರ್ತಾರೆ. ನಾನು ಶಿರ್ತಾಡಿಯಿಂದ ಹೋಗ್ಲಿಕ್ಕಿಲ್ಲವಾ?"

ಬೆಳಿಗ್ಗೆ ಶ್ರುತಿ ಕಿರಿಮುರಾರನ್ನು ತಿಂಡಿಗೆ ನಮ್ಮ ಮನೆಗೇ ಕರೆತಂದಳು. ಸಣ್ಣ ಜೀವ, ಬಟ್ಟೆಯ ಟೋಪಿ, ಕೈಯಲ್ಲಿ ಕೋಲು. ಜೊತೆಗೆ ಬೆಂಗಳೂರಿನಿಂದ ಬಂದ ದುಭಾಷಿ ಹುಡುಗಿ. ನಾನು, ಶ್ರುತಿ, ದುಭಾಷಿ ಮೂವರೂ ಒಳಗೆ ನೀರುದೋಸೆಯ ಗಡಿಬಿಡಿಯಲ್ಲಿದ್ದಾಗ ಚಾವಡಿಯಲ್ಲಿ ಮುದುಕರಿಬ್ಬರೇ ಉಳಿದರು. ಬಂದು ನೋಡಿದರೆ ಮಾವ ತುಳುವಿನಲ್ಲಿ ಏನೋ ಹೇಳುತ್ತಿದ್ದರು, ಅವರು ತಲೆಯಾಡಿಸಿ ಜಪಾನಿಯಲ್ಲಿ ಎರಡು ಮಾತು ಆಡುತ್ತಿದ್ದರು, ಮಾವ "ಅಂದಂದ್" ಎಂದು ಒಪ್ಪುತ್ತಿದ್ದರು. ಮಾತು ಎಲ್ಲಿಯೂ ತಡೆಯಲಿಲ್ಲ.

"ಎಂತ ಹೇಳಿದರು ಮಾವ?" ಎಂದು ಕೇಳಿದೆ.

"ಅವರಿಗೂ ಮೊಣಕಾಲು ನೋವು," ಎಂದರು ಮಾವ. ದುಭಾಷಿ ಹುಡುಗಿ ಕೇಳಿ ನೋಡಿದರೆ ಅದು ನಿಜವೇ ಆಗಿತ್ತು.

ಕಾಲೇಜಿನ ಹಾಲು ಜನರಿಂದ ತುಂಬಿತ್ತು. ಮಾವನ ಪಕ್ಕ ಕೂತೆ. ಹೊಳೆ ಬಂತು, ದೋಣಿ ಬಂತು, ನಾಣ್ಯ ಬಂತು. ಮಾವ ನನ್ನ ಕಡೆ ತಿರುಗಿ ನಕ್ಕರು. ಆಮೇಲೆ ಮಳೆ ಬಂತು, ಹಣಿಗೆ ಬಂತು. ಪರದೆಯ ಕೆಳಗೆ ದುಂಡಗಿನ ಕನ್ನಡದಲ್ಲಿ ಮೂಡಿತು: "ನಿನ್ನ ಗಂಡ ತೀರಿಕೊಂಡು ಬಹಳ ದಿನವಾಯಿತು. ನನ್ನ ಮನೆಯಲ್ಲಿ ಇನ್ನೊಬ್ಬರಿಗೆ ಜಾಗವಿದೆ."

ಮಾವ ಕನ್ನಡಕ ತೆಗೆದು ಶಾಲಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಸುಮತೀ, ಇವ ಅಣ್ಣ ಅಲ್ಲವಾ?"

"ಅಲ್ಲ ಮಾವ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿನ್ನ ಅಮ್ಮನಿಗೆ?"

"ಇಲ್ಲ."

"ಹಾಂ," ಎಂದರು. ಅಷ್ಟು ಸುಮ್ಮನೆ ಕೂತ ಮಾವನನ್ನು ನಾನು ಅಮ್ಮ ತೀರಿಕೊಂಡ ದಿನ ಮಾತ್ರ ನೋಡಿದ್ದೆ. ಎದ್ದು ಮನೆಗೆ ಹೋಗುವ ಎನ್ನುತ್ತಾರೇನೋ ಎಂದು ಕಾದೆ. ಹೇಳಲಿಲ್ಲ.

ಚಿತ್ರ ಮುಗಿದು ದೀಪ ಹತ್ತಿತು. ಕಿರಿಮುರಾ ವೇದಿಕೆಯ ಮೇಲೆ ಕೂತರು. ಪ್ರಶ್ನೆಗಳಿದ್ದರೆ ಕೇಳಿ ಎಂದಳು ಶ್ರುತಿ. ಹುಡುಗರು ಬೆಳಕಿನ ಬಗ್ಗೆ, ಕ್ಯಾಮೆರಾದ ಬಗ್ಗೆ ಏನೇನೋ ಕೇಳಿದರು. ಅವರು ಒಂದೊಂದು ಸಾಲಿನಲ್ಲಿ ಉತ್ತರಿಸಿದರು. ನನ್ನ ಪಕ್ಕದ ಕುರ್ಚಿ ಖಾಲಿಯಾದದ್ದು ಗೊತ್ತಾಗುವಷ್ಟರಲ್ಲಿ ಮಾವ ಮೈಕಿನ ಹತ್ತಿರ ನಿಂತಿದ್ದರು.

"ಸ್ವಾಮೀ, ನಾನು ಮಡಂತ್ಯಾರಿನ ದೂಮಣ್ಣ. ಪ್ರಶ್ನೆ ಇಲ್ಲ. ಒಂದು ತಪ್ಪು ಒಪ್ಪಿಕೊಳ್ಳಲಿಕ್ಕೆ ಉಂಟು. ನಿಮ್ಮ ಈ ಪಿಕ್ಚರು ನಮ್ಮ ಊರಿಗೆ ಬಂದಾಗ ಅಕ್ಷರ ಇರಲಿಲ್ಲ. ಯಾರಿಗೂ ಅರ್ಥ ಆಗ್ಲಿಲ್ಲ. ನಾನು ಪಕ್ಕದಲ್ಲಿ ಕೂತು ಅರ್ಥ ಹೇಳಿದೆ. ಇವರನ್ನು ಅಣ್ಣ ತಂಗಿ ಮಾಡಿದೆ. ಇವತ್ತು ಓದಿದಾಗ ಗೊತ್ತಾಯ್ತು. ನೀವು ಕಟ್ಟಿದ ಮನೆಗೆ ನಾನು ಬೇರೆ ಬಾಗಿಲು ಇಟ್ಟೆ. ಕ್ಷಮಿಸಬೇಕು."

ಹಾಲಿನಲ್ಲಿ ಒಂದು ನಗು ಏಳಲು ಹೋಗಿ ಅಲ್ಲೇ ನಿಂತಿತು. ದುಭಾಷಿ ಹುಡುಗಿ ಮೆಲ್ಲಗೆ ಎಲ್ಲವನ್ನೂ ಹೇಳಿದಳು. ಕಿರಿಮುರಾ ಅವಳಿಂದ ಒಂದು ಮಾತನ್ನು ಎರಡು ಸಲ ಹೇಳಿಸಿದರು. ಆಮೇಲೆ ಮುಂದಕ್ಕೆ ಬಾಗಿ ಏನೋ ಕೇಳಿದರು.

"ಪರದೆ ಪಕ್ಕಾನೇ ಕೂತ್ಕೊಂಡು ಹೇಳಿದ್ರಾ ಅಂತ ಕೇಳ್ತಿದಾರೆ ಸರ್," ಎಂದಳು ಹುಡುಗಿ.

"ಹೌದು, ಪಕ್ಕದಲ್ಲೇ."

"ಜನ ಎದ್ದು ಹೋದ್ರಾ ಅಂತ."

"ಎದ್ದವರೂ ಕೂತರು."

ಅವರು ಕೋಲೂರಿ ಎದ್ದು ನಿಂತರು. "ಕೊನೇ ಭಾಗಾನ ಸೌಂಡ್ ಇಲ್ದೆ ಮತ್ತೆ ಹಾಕಿ ಅಂತಿದಾರೆ. ನೀವು ಆವತ್ತಿನ ಥರಾನೇ ಮಾತಾಡ್ಬೇಕಂತೆ."

ಮಾವ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಯಾರೋ ಕುರ್ಚಿ ತಂದಿಟ್ಟರು. ಮಾವ ಶಾಲು ಸರಿಮಾಡಿಕೊಂಡು ಪರದೆಯ ಪಕ್ಕ ಕೂತರು. ಕಿರಿಮುರಾ ತಮ್ಮ ಕುರ್ಚಿಯನ್ನು ಪರದೆಗೆ ಬೆನ್ನಾಗುವಂತೆ ತಿರುಗಿಸಿಕೊಂಡು ಮಾವನ ಎದುರು ಕೂತರು.

ಸೇತುವೆಯ ಮೇಲೆ ಜನ. ಬಾವುಟ, ಬ್ಯಾಂಡು, ಸದ್ದಿಲ್ಲ. ಆ ಹೆಂಗಸು ಗಂಟು ಹಿಡಿದು ನಡೆಯುತ್ತಿದ್ದಾಳೆ. ಕೆಳಗೆ ಹೊಳೆಯಲ್ಲಿ ಖಾಲಿ ದೋಣಿ, ಅದರಲ್ಲಿ ಅವನು. ಇನ್ನು ಮಾವ ಏನು ಹೇಳುತ್ತಾರೆ? ಅವನು ಯಾರೆಂದು ಈಗ ಗೊತ್ತಾಗಿದೆಯಲ್ಲ.

"ಸೇತುವೆ ಬಂತು ತಂಗಿ," ಎಂದರು ಮಾವ.

ಗೊತ್ತಿದ್ದೂ ಅವನನ್ನು ಅಣ್ಣನಾಗಿಯೇ ಇಟ್ಟುಕೊಂಡರು.

"ಇನ್ನು ನಿನ್ನ ಕಾಲು ಒದ್ದೆಯಾಗುವುದಿಲ್ಲ. ಮಳೆಗಾಲದಲ್ಲಿ ನೀನು ದಡದಲ್ಲಿ ನಿಂತು ಕೂಗುವುದೂ ಬೇಡ. ನನಗೆ ಸಂತೋಷವೇ. ಆದರೆ ಒಂದು ಹೇಳು. ಕೂಲಿ ಬೇಡವೆಂದ ಮೇಲೂ ನೀನು ಯಾಕೆ ದಿನವೂ ಕೈ ಚಾಚಿದೆ? ಆ ಕೈಯನ್ನು ನಾನೊಮ್ಮೆ ಹಿಡಿಯಲಿ ಎಂದೇ? ನಾನು ದಡ್ಡ. ಹುಟ್ಟುಗೋಲು ಬಿಟ್ಟು ಬೇರೇನನ್ನೂ ಹಿಡಿಯಲಿಲ್ಲ. ಹೋಗು ಮಗಾ. ತಿರುಗಿ ನೋಡಬೇಡ. ನೋಡಿದರೆ ನಾನು ಅಳುವುದು ಕಾಣುತ್ತದೆ, ಕಂಡರೆ ನೀನು ಹೋಗಲಾರೆ."

ಪರದೆಯ ಮೇಲಿನ ಹೆಂಗಸು ತಿರುಗಿ ನೋಡದೆ ಹೋದಳು. ಹಾಲಿನಲ್ಲಿ ಯಾರೋ ಮೂಗು ಸೆಳೆದರು. ನಾನೂ ಇರಬಹುದು. ಇದು ನನ್ನ ಸೋದರಮಾವ ಎಂದು ಕೂಗಿ ಹೇಳಬೇಕೆನಿಸಿತು. ಅಕ್ಕಪಕ್ಕದ ಇಬ್ಬರಿಗೆ ಹೇಳಿಯೂಬಿಟ್ಟೆ.

ಕಿರಿಮುರಾ ಒಂದು ಪ್ರಶ್ನೆ ಕೇಳಿದರು. "ಇವ್ನು ಅಣ್ಣ ಅಂತ ಅವ್ಳಿಗೆ ಕೊನೆಗಾದ್ರೂ ಗೊತ್ತಾಗತ್ತಾ ಅಂತ ಕೇಳ್ತಿದಾರೆ," ಎಂದಳು ಹುಡುಗಿ.

"ಇಲ್ಲ ಸ್ವಾಮೀ," ಎಂದರು ಮಾವ. "ನಾನು ಹೇಳಬೇಕು ಅನ್ನುವಾಗ ನಿಮ್ಮ ಪಿಕ್ಚರು ಮುಗಿಯಿತು."

ಹಾಲಿಗೆ ಹಾಲೇ ನಕ್ಕಿತು. ಅವರೂ ನಕ್ಕರು. ಆಮೇಲೆ, ಜನ್ಮದಲ್ಲಿ ಒಂದು ಸಾಲಿಗಿಂತ ಹೆಚ್ಚು ಮಾತಾಡದ ಆ ಮನುಷ್ಯ ಮಾತಾಡಿದರು.

ಅವರ ತಂದೆ ಟಾಕೀಸಿನಲ್ಲಿ ಮಾಡುತ್ತಿದ್ದ ಕೆಲಸ ಇದೇ ಆಗಿತ್ತಂತೆ. ಸಿನಿಮಾಕ್ಕೆ ಮಾತು ಬರುವ ಮೊದಲು ಜಪಾನಿನಲ್ಲಿ ಪರದೆಯ ಪಕ್ಕ ಕೂತು ಎಲ್ಲ ಪಾತ್ರಗಳ ಮಾತನ್ನೂ ಒಬ್ಬರೇ ಹೇಳುವವರಿದ್ದರು. ಬೆನ್ಶಿ ಎಂದು ಅವರಿಗೆ ಹೆಸರು. ಜನ ಟಿಕೇಟು ಕೊಳ್ಳುತ್ತಿದ್ದದ್ದು ಅವರ ದನಿ ಕೇಳಲು. ಪರದೆಗೆ ಬಾಯಿ ಬಂದಾಗ ತಂದೆ ಬಾಯಿ ಮುಚ್ಚಿಕೊಂಡರು. ಸೈಕಲ್ಲಿನಲ್ಲಿ ಚಿತ್ರದ ಹಾಳೆಗಳನ್ನು ಕಟ್ಟಿಕೊಂಡು, ಬೀದಿಯ ಮಕ್ಕಳಿಗೆ ಕತೆ ಹೇಳಿ ಮಿಠಾಯಿ ಮಾರಿದರು. ಮನೆಗೆ ಬಂದರೆ ಮಾತಿಲ್ಲ.

"ನನ್ನ ಸಿನಿಮಾದಲ್ಲಿ ಮಾತು ಯಾಕಿಲ್ಲ ಅಂತ ಜನ್ಮ ಪೂರ್ತಿ ಕೇಳಿದಾರೆ, ನಾನು ಹೇಳಿರ್ಲಿಲ್ಲ ಅಂತಿದಾರೆ," ಎಂದಳು ದುಭಾಷಿ ಹುಡುಗಿ. "ಅಪ್ಪ ಬಂದು ಪಕ್ಕದಲ್ಲಿ ಕೂತ್ರೆ ಮಾತಾಡೋಕೆ ಜಾಗ ಇರ್ಲಿ ಅಂತ ಬಿಟ್ಟಿದ್ರಂತೆ. ಸಿನಿಮಾ ರೆಡಿಯಾಗೋ ಹೊತ್ತಿಗೆ ಅಪ್ಪ ಇರ್ಲಿಲ್ಲ. ಆ ಜಾಗದಲ್ಲಿ ಯಾರೂ ಕೂತಿಲ್ಲ ಅಂದ್ಕೊಂಡಿದ್ರಂತೆ, ಇವತ್ತಿನ ತನಕ."

ಮಾವ ಕೈಮುಗಿದರು. ಅವರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಮಾವ ಇನ್ನೂ ಬಗ್ಗಿದರು, ಅವರು ಅದಕ್ಕಿಂತ ಬಗ್ಗಿದರು. ಮೊಣಕಾಲು ನೋವಿನ ಇಬ್ಬರನ್ನೂ ಶ್ರುತಿ ಹಿಡಿದು ನೆಟ್ಟಗೆ ನಿಲ್ಲಿಸಬೇಕಾಯಿತು.

ಹೊರಡುವಾಗ ಕಿರಿಮುರಾ ಬಾಗಿಲಿನಲ್ಲಿ ತೂಗುಹಾಕಿದ್ದ ದೋಣಿ ಪಿಕ್ಚರಿನ ಪೋಸ್ಟರನ್ನು ಬಿಚ್ಚಿಸಿದರು. ದಪ್ಪ ಪೆನ್ನು ಕೇಳಿ, ಮಾವನ ಹೆಸರನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿಸಿಕೊಂಡು, ಮೇಲೆ ದೊಡ್ಡದಾಗಿ ಒಂದು ಸಾಲು ಬರೆದರು. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ಇನ್ನೊಂದು. ತಂದೆಯ ಕಾಲದಲ್ಲಿ ಬೆನ್ಶಿಯ ಹೆಸರು ಮೇಲೆ ದೊಡ್ಡದಾಗಿ ಇರುತ್ತಿತ್ತಂತೆ, ಚಿತ್ರ ಮಾಡಿದವನದು ಕೆಳಗೆ, ಜಾಗ ಉಳಿದರೆ.

ಈಗ ಅದು ಮಡಂತ್ಯಾರಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಗಾಜು ಹಾಕಿಸಿಕೊಂಡು ಕೂತಿದೆ. ಆ ಅಕ್ಷರ ಓದಲು ಬರುವವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಚಾ ಕುಡಿಯಲು ಬಂದವರು ಎಂತ ಬರೆದದ್ದು ಎಂದು ಕೇಳುತ್ತಾರೆ. ಮಾವ ಎದ್ದು ನಿಂತು ಬೆರಳು ತೋರಿಸಿ ಹೇಳುತ್ತಾರೆ: "ಮೇಲೆ ದೊಡ್ಡದಾಗಿ ಉಂಟಲ್ಲ, ಅದು ನಿರ್ದೇಶಕರ ಹೆಸರು. ಕೆಳಗೆ ಸಣ್ಣದು ನನ್ನದು."

ಅವರು ಹೇಳಿದ ಅರ್ಥಗಳಲ್ಲಿ ಇದೊಂದನ್ನು ಮಾತ್ರ ನಾನು ಅಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ತಿದ್ದುತ್ತೇನೆ.